ಹಲ್ಲು ಕಿತ್ತ ಮಷಿನ್ ಮತ್ತು ಅಜ್ಜಿಯ ಕೌದಿ

ಹೋದ ಸೆಮಿಸ್ಟರಿನ ಆರಂಭದಲ್ಲಿ ನಮ್ಮ ಬಳಗದ ಗೆಳತಿಯೊಬ್ಬಳು ಊರಿಂದ ಬರುವಾಗ ಒಂದು ದೊಡ್ಡ ಗಂಟು ಹೊತ್ತು ತಂದಳು. ಅವಳದು ಗದಗದ ಕಡೆ ಒಂದು ಹಳ್ಳಿ. ಗಂಟಿನೊಳಗೆ ಶೇಂಗಾ ಹೋಳಿಗೆ ಇರುತ್ತೆ ಅಂತ ಆಸೆಯಿಂದ ಸುತ್ತ ಕೂತವರಿಗೆ ಸಿಕ್ಕಿದ್ದು ಅರ್ಧ ಹೊಲಿದು ಬಿಟ್ಟ ಒಂದು ಕೌದಿ. ಅವಳ ಅಜ್ಜಿ ಎರಡು ವರ್ಷದ ಹಿಂದೆ ಶುರು ಮಾಡಿದ್ದು. ಈಗ ಬೆರಳಿನ ಗೆಣ್ಣು ಊದಿ ಸೂಜಿ ಹಿಡಿಯಲು ಆಗುತ್ತಿಲ್ಲ. "ನೀವು ಇಂಜಿನಿಯರ್ ಆಗೋರು, ಅಲ್ಲೇ ಯಾವ್ದರ ಮಷಿನ್ ಇದ್ರ ಮುಗಿಸ್ಕೊಂಡು ಬಾ. ಚಳಿ ಶುರು ಆಗೂದ್ರಾಗ ಹೊದಿಬೇಕು ನಾ" ಅಂದು ಕಳಿಸಿದ್ದರಂತೆ.

ಮಷಿನ್ ಇತ್ತು. ಕೆಲಸಕ್ಕೆ ಬರುವ ಮಷಿನ್ ಇರಲಿಲ್ಲ. ಈ ಲೇಖನ ಆ ಎರಡರ ನಡುವಿನ ಮೂರು ತಿಂಗಳ ಪಾಠ.

ಕೌದಿ ಗೊತ್ತಿಲ್ಲದ ದಕ್ಷಿಣದ ಗೆಳೆಯರಿಗೆ ಎರಡು ಮಾತು. ಹಳೆ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಎಲ್ಲ ಪದರ ಸೇರುವ ಹಾಗೆ ಉದ್ದಕ್ಕೂ ದಾರ ಓಡಿಸಿ ಹೊಲಿದ ಹೊದಿಕೆ. ಉತ್ತರ ಕರ್ನಾಟಕದಲ್ಲಿ ಇದಿಲ್ಲದ ಮನೆ ಕಡಿಮೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳಂತೂ ಈಗ ಹೊರದೇಶದ ಮ್ಯೂಸಿಯಮ್ಮುಗಳ ಗೋಡೆ ಏರಿವೆ. ನಮ್ಮ ಅಜ್ಜಿಯ ಕೌದಿಯಲ್ಲಿ ಸಾಲುಗಳು ಅಂಚಿನಿಂದ ಶುರುವಾಗಿ, ಮೂಲೆಯಲ್ಲಿ ತಿರುಗಿ, ಸುತ್ತುತ್ತಾ ಸುತ್ತುತ್ತಾ ನಡುವಿನ ಕಡೆಗೆ ಹೋಗುತ್ತವೆ. ಹೊರಗಿನ ಅರ್ಧ ಮುಗಿದಿತ್ತು. ಉಳಿದಿದ್ದು ಹೊಟ್ಟೆಯ ಭಾಗ.

ಈ ಸುತ್ತೇ ನಮಗೆ ತೊಡಕಾಗಿದ್ದು. ಮಾಮೂಲಿ ಹೊಲಿಗೆ ಮಷಿನ್ ಬಟ್ಟೆಯನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಪ್ಲೇಟಿನ ಕೆಳಗಿನಿಂದ ಹಲ್ಲುಗಳು ಎದ್ದು, ಬಟ್ಟೆಯನ್ನು ಕಚ್ಚಿ, ಒಂದು ಹೊಲಿಗೆಯಷ್ಟು ಹಿಂದಕ್ಕೆ ಸರಿಸಿ, ಮತ್ತೆ ಕೆಳಗಿಳಿಯುತ್ತವೆ. ತಿರುವು ಬೇಕಿದ್ದರೆ ಬಟ್ಟೆಯನ್ನೇ ತಿರುಗಿಸಬೇಕು. 5 ಅಡಿ ಅಗಲ 7 ಅಡಿ ಉದ್ದದ ಕೌದಿಯನ್ನು ಮಷಿನ್ನಿನ ತೋಳಿನ ಕೆಳಗೆ, ಗೇಣಿಗಿಂತ ಸ್ವಲ್ಪ ಹೆಚ್ಚಿರುವ ಜಾಗದಲ್ಲಿ, ಪ್ರತಿ ಮೂಲೆಗೂ ಗರಗರ ತಿರುಗಿಸೋದು ಆಗದ ಮಾತು. ದಿಕ್ಕು ಬದಲಾದರೂ ಬಟ್ಟೆ ತಿರುಗಬಾರದು ಅಂದರೆ ದಾರಿ ಒಂದೇ: ಹಲ್ಲು ಕೀಳಬೇಕು. ಆಗ ಸೂಜಿ ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಬಟ್ಟೆಯನ್ನು ಮುಂದೆ, ಹಿಂದೆ, ಪಕ್ಕಕ್ಕೆ, ಸುತ್ತಲೂ ಓಡಿಸುವುದು ನಮ್ಮ ಎರಡು ಕೈ. ಇದನ್ನೇ ಫ್ರೀ ಮೋಷನ್ ಕ್ವಿಲ್ಟಿಂಗ್ ಅನ್ನುತ್ತಾರೆ. ಸಿಎನ್‌ಸಿ ಲ್ಯಾಬ್ ಮುಗಿಸಿದವರಿಗೆ ಒಂದೇ ಸಾಲಿನಲ್ಲಿ ಹೇಳುವುದಾದರೆ, ಎಕ್ಸ್-ವೈ ಟೇಬಲ್ ಇದೆ, ಕಂಟ್ರೋಲರ್ ಇಲ್ಲ.

ಇದೇನೂ ಹೊಸದಲ್ಲ ಅಂತ ಆಮೇಲೆ ಗೊತ್ತಾಯ್ತು. ನಿಮ್ಮೂರಿನ ಟೈಲರ್ ಅಂಗಡಿಯಲ್ಲಿ ಕಾಲು ಮಷಿನ್ನಿನ ಪಾದ ಬಿಚ್ಚಿ, ಬಟ್ಟೆಯನ್ನು ರಿಂಗಿಗೆ ಹಾಕಿ ಬ್ಲೌಸಿನ ತೋಳಿಗೆ ಹೂಬಳ್ಳಿ ತೆಗೆಯುತ್ತಾರಲ್ಲ, ಅದೂ ಇದೇ.

ಮಷಿನ್ನಿನ ಕಥೆ

ನಮ್ಮ ಹತ್ತಿರ ಇದ್ದದ್ದು ಮುಚ್ಚಿಹೋದ ಗಾರ್ಮೆಂಟ್ಸಿನಿಂದ ಗುಜರಿಗೆ ಬಂದ ಸಿಂಗಲ್ ನೀಡಲ್ ಮಷಿನ್. ಕಂಪನಿ ಯಾವುದಾದರೂ ಗಾರ್ಮೆಂಟ್ಸಿನವರು ಇದನ್ನು 'ಜೂಕಿ ಮಷಿನ್' ಅಂತಲೇ ಕರೆಯುತ್ತಾರೆ. ಸೀನಿಯರ್‌ಗಳು ಯಾವುದೋ ಪ್ರಾಜೆಕ್ಟಿಗೆ ತಂದು, ವೈವಾ ಮುಗಿದ ಮೇಲೆ ವರ್ಕ್‌ಶಾಪಿನ ಹಿಂದೆ ಬಿಟ್ಟು ಹೋಗಿದ್ದರು. ಟೇಬಲ್ಲಿನ ಒಂದು ಕಾಲು ಇರಲಿಲ್ಲ. ಆ ಜಾಗಕ್ಕೆ ಸ್ಕ್ರ್ಯಾಪಿನ ಆಂಗಲ್ ವೆಲ್ಡ್ ಮಾಡಿಸಿದೆವು.

ಕೆಳಗೆ ತೂಗಿದ್ದದ್ದು ಕ್ಲಚ್ ಮೋಟಾರ್. ಇದರ ಗುಣ ತಿಳಿಯದೆ ಯಾರೂ ಪೆಡಲ್ ಮುಟ್ಟಬೇಡಿ. ಸ್ವಿಚ್ ಹಾಕಿದ ಕ್ಷಣದಿಂದ ಮೋಟಾರ್ ಪೂರ್ತಿ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಪೆಡಲ್ ಒತ್ತಿದಾಗ ಕ್ಲಚ್ ಕಚ್ಚಿ ತಲೆಗೆ ಶಕ್ತಿ ಹೋಗುತ್ತದೆ ಅಷ್ಟೇ. ನಮ್ಮದರ ಪ್ಲೇಟಿನ ಮೇಲೆ 1440 ಆರ್‌ಪಿಎಂ ಅಂತಿತ್ತು. ಮೋಟಾರಿನ ಪುಲ್ಲಿ 100 ಮಿ.ಮೀ., ತಲೆಯದು 70 ಮಿ.ಮೀ. ಅಂದರೆ ನಿಮಿಷಕ್ಕೆ ಸುಮಾರು 2057 ಹೊಲಿಗೆ, ಸೆಕೆಂಡಿಗೆ 34.

ಫ್ರೀ ಮೋಷನ್ನಿನ ಇಡೀ ಗಣಿತ ಇಷ್ಟೇ:

ಒಂದು ಹೊಲಿಗೆಯ ಉದ್ದ = ಕೈಯ ವೇಗ ÷ ಸೆಕೆಂಡಿಗೆ ಬೀಳುವ ಹೊಲಿಗೆಗಳು.

2.5 ಮಿ.ಮೀ. ಹೊಲಿಗೆ ಬೇಕು, ಸೂಜಿ ಸೆಕೆಂಡಿಗೆ 34 ಸಲ ಬೀಳುತ್ತಿದೆ ಅಂದರೆ ಕೈ ಸೆಕೆಂಡಿಗೆ 86 ಮಿ.ಮೀ. ಓಡಬೇಕು. ಅದೂ ತಿರುವುಗಳಲ್ಲಿ, ಒಂದೇ ಸಮನೆ. ಮೊದಲ ದಿನ ನಾವು ಹಳೆ ಬೆಡ್‌ಶೀಟಿನ ಮೇಲೆ ಮಾಡಿದ್ದನ್ನು ಹೊಲಿಗೆ ಅನ್ನೋಕಾಗಲ್ಲ. ಕೈ ಹೆದರಿ ನಿಂತಲ್ಲಿ ದಾರದ ಗುಡ್ಡೆ, ಕೈ ಗಾಬರಿಯಿಂದ ಓಡಿದಲ್ಲಿ ಅರ್ಧ ಇಂಚಿನ ದಾಪುಗಾಲು.

ವೇಗ ಇಳಿಸಬೇಕು ಅಂದಾಗ ನಮ್ಮ ಎಲೆಕ್ಟ್ರಿಕಲ್ ಗೆಳೆಯ ಫ್ಯಾನ್ ರೆಗ್ಯುಲೇಟರ್ ತಂದ. ಫ್ಯಾನಿಗೆ ಆಗುತ್ತೆ, ಇದಕ್ಕೆ ಯಾಕಾಗಲ್ಲ? ಹಾಕಿದೆವು. ಪೆಡಲ್ ಒತ್ತಿದ್ದೇ ಮೋಟಾರ್ ಗುಂಯ್ ಅಂತ ನರಳಿ, ಬಿಸಿಯಾಗಿ, ವಾರ್ನಿಷ್ ವಾಸನೆ ಬಿಟ್ಟಿತು. ಮೂರನೇ ಸೆಮಿಸ್ಟರಿನಲ್ಲಿ ಎಲ್ಲರೂ ಬರೆದ ಉತ್ತರ ಅದು: ಇಂಡಕ್ಷನ್ ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಪಾತ. ವೋಲ್ಟೇಜನ್ನು 70 ಶೇಕಡಾಕ್ಕೆ ಇಳಿಸಿದರೆ ಟಾರ್ಕ್ 49 ಶೇಕಡಾಕ್ಕೆ ಬೀಳುತ್ತದೆ. ಫ್ಯಾನಿಗೆ ನಿಧಾನ ತಿರುಗುವಾಗ ಗಾಳಿಯ ಹೊರೆಯೂ ಕಡಿಮೆಯಾಗುತ್ತದೆ, ಹಾಗಾಗಿ ಬದುಕಿಕೊಳ್ಳುತ್ತದೆ. ನಾಲ್ಕು ಪದರ ಸೀರೆ ಚುಚ್ಚುವ ಸೂಜಿಗೆ ಆ ರಿಯಾಯಿತಿ ಇಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಹತ್ತಕ್ಕೆ ಒಂಬತ್ತು ತಗೊಂಡವನೇ ರೆಗ್ಯುಲೇಟರ್ ತಂದವನು ಅನ್ನೋದನ್ನ ಇಲ್ಲಿ ದಾಖಲಿಸುತ್ತಿದ್ದೇವೆ.

ಸರಿಯಾದ ಪರಿಹಾರ ಸರ್ವೋ ಮೋಟಾರ್. ವೇಗವನ್ನು ಬೇಕಾದಷ್ಟಕ್ಕೆ ಕಟ್ಟಿಹಾಕಬಹುದು, ಪೆಡಲ್ ಬಿಟ್ಟರೆ ಸುಮ್ಮನಿರುತ್ತದೆ. ದುಡ್ಡಿರಲಿಲ್ಲ. ಹಾಗಾಗಿ ಟೇಬಲ್ಲಿನ ಕೆಳಗೆ ಎರಡು ಬೇರಿಂಗ್ ಮೇಲೆ ಒಂದು ನಡು ಶಾಫ್ಟ್ ಕೂರಿಸಿದೆವು. ಮೋಟಾರಿಗೆ 50 ಮಿ.ಮೀ. ಪುಲ್ಲಿ, ಶಾಫ್ಟಿಗೆ 100, ಅಲ್ಲಿಗೆ 720. ಶಾಫ್ಟಿನ ಇನ್ನೊಂದು ತುದಿಗೆ 60, ತಲೆಗೆ ಅದೇ 70. ಕೊನೆಗೆ ನಿಮಿಷಕ್ಕೆ 617 ಹೊಲಿಗೆ. ಸೆಕೆಂಡಿಗೆ ಹತ್ತು. ಈಗ ಕೈ ಸೆಕೆಂಡಿಗೆ 26 ಮಿ.ಮೀ. ಸರಿದರೆ ಸಾಕು. ಬೋರ್ಡಿನ ಮೇಲೆ ನಿಧಾನವಾಗಿ ದುಂಡಗೆ ಬರೆಯುವ ವೇಗ. ವೇಗ ಇಳಿದಷ್ಟೇ ಅಲ್ಲ, ಸೂಜಿಯ ತಾಕತ್ತೂ ಹೆಚ್ಚಿತು. ವೋಲ್ಟೇಜ್ ಕಿತ್ತುಕೊಂಡಾಗ ಹೋದ ಟಾರ್ಕನ್ನು ಪುಲ್ಲಿ ಗುಣಿಸಿ ವಾಪಸ್ ಕೊಟ್ಟಿತ್ತು.

ಒಂದು ವಿಷಯ ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ಈ ಮಷಿನ್ನುಗಳು ನಿಮಿಷಕ್ಕೆ ಸಾವಿರಾರು ಹೊಲಿಗೆ ಓಡಲೆಂದೇ ಮಾಡಿದವು. ತಳದ ತೊಟ್ಟಿಯಲ್ಲಿ ಎಣ್ಣೆ, ಅದನ್ನು ಮೇಲಕ್ಕೆತ್ತಲು ಪಂಪ್. ತಲೆಯ ಮೇಲಿನ ಗಾಜಿನ ಕಿಟಕಿಯಲ್ಲಿ ಎಣ್ಣೆ ಚಿಮ್ಮುವುದು ಕಾಣಬೇಕು. ನಾವು ವೇಗ ಇಳಿಸಿದ್ದೇ ಪಂಪಿಗೆ ಉಸಿರಿಲ್ಲದಾಯಿತು, ಕಿಟಕಿ ಒಣಗಿತು. ಹುಕ್ ಬಿಸಿಯಾಗಿ ಕಿರುಗುಟ್ಟಿದಾಗಲೇ ನಮಗೆ ಹೊಳೆದದ್ದು. ಅಲ್ಲಿಂದ ಮುಂದೆ ಪ್ರತಿ ಸಲ ಕೂರುವ ಮೊದಲು ಹುಕ್ಕಿಗೆ ಒಂದು ಹನಿ, ಸೂಜಿ ಬಾರಿಗೆ ಒಂದು ಹನಿ ಕೈಯಿಂದಲೇ. ಹೆಚ್ಚು ಹಾಕಿದರೆ ಕೌದಿ ಮೇಲೆ ಕಲೆ, ಅಜ್ಜಿ ಬೈಯ್ತಾರೆ.

ಹಲ್ಲು ಕೀಳೋದು ಸುಲಭ, ಎರಡು ಸ್ಕ್ರೂ. ಹೊಲಿಗೆಯ ಉದ್ದದ ಡಯಲನ್ನು ಸೊನ್ನೆಗಿಟ್ಟರೆ ಸಾಲದಾ ಅಂತ ಕೇಳಬಹುದು. ಸಾಲದು. ಮುಂದೆ ಹಿಂದೆ ಹೋಗುವುದು ನಿಂತರೂ ಮೇಲೆ ಕೆಳಗೆ ಏಳುವುದು ನಿಲ್ಲುವುದಿಲ್ಲ, ಬಟ್ಟೆಯ ಹೊಟ್ಟೆ ಕೆರೆಯುತ್ತದೆ. ಹಲ್ಲು ಹೋದ ಮೇಲೆ ಪ್ಲೇಟಿನಲ್ಲಿ ಉಳಿಯುವ ಗಾಡಿಗಳಿಗೆ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತು. ಪಾಸಾಗಿ ಹೋದ ಸೀನಿಯರೊಬ್ಬರ ಐಡಿ ಕಾರ್ಡ್ ಕತ್ತರಿಸಿ, ಸೂಜಿಗೆ ತೂತು ಕೊರೆದು, ಮೇಲೆ ಟೇಪ್ ಹಚ್ಚಿದೆವು. ಅವರ ಮುಖ ಇವತ್ತಿಗೂ ಅಲ್ಲೇ ಇದೆ.

ಗೂಡು ಕಟ್ಟಿದ ಮೂರು ದಿನ

ಪಾದ ಇಲ್ಲದೆ ಹೊಲಿಯಬಹುದಲ್ಲ, ಟೈಲರ್ ಹಾಗೇ ಮಾಡ್ತಾರಲ್ಲ ಅಂತ ನಮಗೂ ಅನ್ನಿಸಿತ್ತು. ಅವರ ಬಟ್ಟೆ ರಿಂಗಿನಲ್ಲಿ ತಮಟೆಯ ಹಾಗೆ ಬಿಗಿದಿರುತ್ತದೆ. ಕೌದಿ ಬಿಗಿಯುವುದಿಲ್ಲ. ಸೂಜಿ ಮೇಲೇಳುವಾಗ ಬಟ್ಟೆಯೂ ಅದರ ಜೊತೆ ಮೇಲೇಳುತ್ತದೆ. ಅದರಿಂದ ಏನಾಗುತ್ತೆ ಅಂತ ಅರ್ಥವಾಗಲು ಲಾಕ್‌ಸ್ಟಿಚ್ ಹೇಗೆ ಬೀಳುತ್ತೆ ಅಂತ ನೋಡಬೇಕು. ಸೂಜಿ ತಳ ಮುಟ್ಟಿ ಸುಮಾರು ಎರಡು ಮಿ.ಮೀ. ಮೇಲೆದ್ದಾಗ, ಬಟ್ಟೆ ದಾರವನ್ನು ಹಿಡಿದಿಟ್ಟಿರುವುದರಿಂದ, ಸೂಜಿಯ ಪಕ್ಕದಲ್ಲಿ ಒಂದು ಪುಟ್ಟ ಕುಣಿಕೆ ಉಬ್ಬುತ್ತದೆ. ಅದೇ ಕ್ಷಣಕ್ಕೆ ತಿರುಗುತ್ತಾ ಬಂದ ಹುಕ್ಕಿನ ಮೂತಿ ಆ ಕುಣಿಕೆಯೊಳಗೆ ನುಗ್ಗಿ, ಅದನ್ನು ಬಾಬಿನ್ ಸುತ್ತ ದಾಟಿಸುತ್ತದೆ. ಒಂದು ಹೊಲಿಗೆಗೆ ಹುಕ್ ಎರಡು ಸುತ್ತು. ಒಂದರಲ್ಲಿ ಕೆಲಸ, ಇನ್ನೊಂದು ಖಾಲಿ. ಬಟ್ಟೆಯೇ ಸೂಜಿಯ ಜೊತೆ ಮೇಲೆದ್ದರೆ ಕುಣಿಕೆ ಉಬ್ಬುವುದಿಲ್ಲ, ಹುಕ್ಕಿಗೆ ಏನೂ ಸಿಗುವುದಿಲ್ಲ, ಹೊಲಿಗೆ ತಪ್ಪುತ್ತದೆ. ಪಾದ ಇರುವುದು ಬಟ್ಟೆಯನ್ನು ಆ ಎರಡು ಮಿ.ಮೀ. ಹೊತ್ತು ಕೆಳಗೆ ಹಿಡಿಯಲು.

ನಾವು ಕಂಬಿ ಬಗ್ಗಿಸಿ ಬಳೆಯಂಥ ಪಾದ ಮಾಡಿದೆವು. ಅದು ಕೌದಿಯನ್ನು ಒತ್ತಿ ಸರಿಯಗೊಡಲಿಲ್ಲ. ಹಿಂದಿನ ಲಿವರ್ ಅರ್ಧ ಎತ್ತಿ, ಪಾದ ಸ್ವಲ್ಪ ತೇಲುವ ಹಾಗೆ ಕಟ್ಟಿದೆವು. ಬಟ್ಟೆ ಬೆಣ್ಣೆಯ ಹಾಗೆ ಜಾರಿತು. ಮೇಲಿನಿಂದ ನೋಡಿದರೆ ಅದ್ಭುತ. ಮಗುಚಿ ನೋಡಿದರೆ ಹಕ್ಕಿ ಗೂಡು.

ಮೂರು ದಿನ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸಿದೆವು, ದಾರ ಬದಲಿಸಿದೆವು, ಸೂಜಿ ಬದಲಿಸಿದೆವು, ಹುಕ್ ಟೈಮಿಂಗ್ ಕೆಟ್ಟಿದೆ ಅಂತ ಬಿಚ್ಚಲೂ ಹೊರಟಿದ್ದೆವು. ತಪ್ಪು ಇದ್ದದ್ದು ಲಿವರಿನಲ್ಲಿ. ಲಿವರ್ ಎತ್ತಿದರೆ ಮೇಲಿನ ಟೆನ್ಶನ್ ಡಿಸ್ಕುಗಳು ಬಿಟ್ಟುಕೊಳ್ಳುತ್ತವೆ. ಹೊಲಿದ ಬಟ್ಟೆ ಹೊರಗೆಳೆಯಲಿ ಅಂತ ಮಾಡಿದ ಅನುಕೂಲ ಅದು. ಅರ್ಧ ಎತ್ತಿ ಕಟ್ಟಿದ್ದ ನಾವು ಬ್ರೇಕ್ ಇಲ್ಲದೆ ದಾರ ಬಿಡುತ್ತಿದ್ದೆವು. ಕೆಳಗೆ ಗೂಡು ಕಂಡರೆ ಮೊದಲು ಮೇಲಿನ ದಾರವನ್ನು ಅನುಮಾನಿಸಿ. ಎಲ್ಲರೂ ಬಾಬಿನ್ನಿಗೇ ಕೈ ಹಾಕುತ್ತಾರೆ, ನಾವೂ ಹಾಕಿದೆವು. ಕೊನೆಗೆ ಸ್ಪ್ರಿಂಗ್ ಇರುವ ಡಾರ್ನಿಂಗ್ ಪಾದ ಕೊಂಡು, ಲಿವರ್ ಪೂರ್ತಿ ಇಳಿಸಿ, ಒತ್ತಡದ ಸ್ಕ್ರೂ ಸಡಿಲ ಮಾಡಿದ ಮೇಲೆ ಗೂಡು ನಿಂತಿತು.

ಸೂಜಿ ಹಾಕುವಾಗ ಉದ್ದನೆಯ ಗೀರು ಎಡಕ್ಕೆ, ಚಪ್ಪಟೆ ಕೆತ್ತಿದ ಭಾಗ ಬಲಕ್ಕೆ ಹುಕ್ಕಿನ ಕಡೆ. ದಾರ ಎಡದಿಂದ ಬಲಕ್ಕೆ. ಮನೆ ಮಷಿನ್ ಅಭ್ಯಾಸ ಇದ್ದವರು ಇಲ್ಲಿ ಖಂಡಿತ ಎಡವುತ್ತಾರೆ.

ಕನ್ನಡಕದ ಬಗ್ಗೆ ತಮಾಷೆ ಬೇಡ. ಸೂಜಿ ಬಟ್ಟೆಯೊಳಗಿದ್ದಾಗ ಕೈ ಎಳೆದರೆ ಸೂಜಿ ಬಾಗುತ್ತದೆ, ಬಾಗಿದ ಸೂಜಿ ಪ್ಲೇಟಿಗೆ ಬಡಿದು ಮುರಿದು ಹಾರುತ್ತದೆ. ನಮ್ಮ ಲೆಕ್ಕದಲ್ಲಿ ಹನ್ನೊಂದು ಸೂಜಿ ಹೋದವು. ಲ್ಯಾಬಿನ ಸೇಫ್ಟಿ ಕನ್ನಡಕ ಹಾಕದೆ ಯಾರೂ ಕೂರುವ ಹಾಗಿಲ್ಲ ಅಂತ ಗೋಡೆಯ ಮೇಲೆ ಬರೆದೆವು. ಇನ್ನೊಂದು ಅನಾಹುತ ಹೀಗಾಯಿತು: ಸ್ವಿಚ್ ಆಫ್ ಮಾಡಿದ್ದೇವೆ ಅಂತ ಧೈರ್ಯದಿಂದ ನಮ್ಮಲ್ಲೊಬ್ಬ ಸೂಜಿಗೆ ದಾರ ಪೋಣಿಸಲು ಕೈ ಇಟ್ಟ, ಕಾಲು ಪೆಡಲ್ ಮೇಲಿತ್ತು. ಆಫ್ ಆದರೂ ಮೋಟಾರಿನೊಳಗಿನ ಫ್ಲೈವೀಲ್ ಇನ್ನೂ ತಿರುಗುತ್ತಿತ್ತು. ನಾಲ್ಕು ಹೊಲಿಗೆಗೆ ಸಾಕಾಗುವಷ್ಟು ಶಕ್ತಿ ಅದರಲ್ಲಿತ್ತು. ಸೂಜಿ ಉಗುರಿನ ಅಂಚು ಸೀಳಿಕೊಂಡು ಹೋಯಿತು, ಎಲುಬಿಗೆ ತಾಗಲಿಲ್ಲ. ಹೆಲ್ತ್ ಸೆಂಟರಿನಲ್ಲಿ ಟಿಟಿ ಇಂಜೆಕ್ಷನ್. ಸದ್ದು ಪೂರ್ತಿ ನಿಂತ ಮೇಲೆ, ಕಾಲು ನೆಲದ ಮೇಲಿಟ್ಟು, ಆಮೇಲೆ ಕೈ ಹಾಕಿ.

ಸೂಜಿಯಲ್ಲಿ ಅ ಆ ಇ ಈ

ಅಭ್ಯಾಸಕ್ಕೆ ಮೆಸ್ಸಿನ ಅಕ್ಕಿ ಚೀಲದ ಬಟ್ಟೆ, ಹಳೆ ಬೆಡ್‌ಶೀಟು, ನಡುವೆ ಹರಿದ ಟವೆಲ್ಲು. ಶುರುವಿನಲ್ಲಿ ಪ್ರತಿ ಸಲ ಬಾಬಿನ್ ದಾರವನ್ನು ಮೇಲೆಳೆದು, ಎರಡೂ ದಾರ ಬೆರಳಿನಲ್ಲಿ ಹಿಡಿದು, ನಿಂತಲ್ಲೇ ಮೂರು ನಾಲ್ಕು ಹೊಲಿಗೆ ಹಾಕಿ ಗಂಟು ಮಾಡಿ ಹೊರಡಬೇಕು. ಕೈಗೆ ತುದಿಗೆ ರಬ್ಬರ್ ಇರುವ ತೋಟದ ಗ್ಲೌಸ್ ಹಾಕಿದರೆ ಹಿಡಿತ ಸಿಗುತ್ತದೆ, ಕಡಿಮೆ ಒತ್ತಿದರೆ ಸಾಕು, ಹೆಗಲು ನೋಯುವುದಿಲ್ಲ. ಕಣ್ಣು ಸೂಜಿಯ ಮೇಲಿಡಬೇಡಿ. ಒಂದು ಇಂಚು ಮುಂದೆ ಎಲ್ಲಿಗೆ ಹೋಗಬೇಕೋ ಅಲ್ಲಿಡಿ. ಸೈಕಲ್ ಕಲಿಯುವಾಗ ಮುಂದಿನ ಚಕ್ರ ನೋಡಿ ಬಿದ್ದವರಿಗೆ ಇದು ಗೊತ್ತು.

ತಿರುವುಗಳಲ್ಲಿ ಕೆಳಭಾಗದಲ್ಲಿ ರೆಪ್ಪೆಗೂದಲಿನ ಹಾಗೆ ದಾರ ಎದ್ದು ಕಾಣುತ್ತಿತ್ತು. ಟೆನ್ಶನ್ ಬಿಗಿ ಮಾಡಿದರೆ ನೇರ ಸಾಲಿನಲ್ಲಿ ದಾರ ಕಡಿಯಿತು. ನಿಜವಾದ ಕಾರಣ ಕೈ: ತಿರುವು ಬಂದಾಗ ನಾವು ಗೊತ್ತಿಲ್ಲದೆ ಬೀಸಿ ಓಡಿಸುತ್ತಿದ್ದೆವು. ಬೈಕಿನಲ್ಲಿ ತಿರುವಿಗೆ ನಿಧಾನಿಸುವವರು ಇಲ್ಲೇಕೆ ಜೋರು ಮಾಡುತ್ತೇವೋ ಗೊತ್ತಿಲ್ಲ.

ಬೇಸರವಾಗಿ ಒಂದು ದಿನ ಅಕ್ಷರ ಬರೆಯಲು ಹೊರಟೆವು. ಕನ್ನಡ ಲಿಪಿ ಈ ಕೆಲಸಕ್ಕೇ ಹುಟ್ಟಿದ ಹಾಗಿದೆ. 'ರ' ಒಂದೇ ಉಸಿರಿಗೆ ಬರುತ್ತದೆ. 'ಲ', 'ಅ' ಕೈಗೆ ಸರಾಗ ದುಂಡು ಕಲಿಸುತ್ತವೆ. 'ಠ' ಬಂದಾಗ ಸಿಕ್ಕಿಬಿದ್ದೆವು: ಹೊರಗೆ ಸುತ್ತು, ಒಳಗೆ ಚುಕ್ಕಿ, ನಡುವೆ ದಾರಿಯಿಲ್ಲ. ದಾರ ಕತ್ತರಿಸದೆ ಎಲ್ಲ ಗೆರೆಗಳನ್ನೂ ಒಂದೇ ಸಲ ದಾಟಬಹುದೇ? ಇದು 1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಬಗ್ಗೆ ಬರೆದ ಪ್ರಶ್ನೆಯೇ. ಗೆರೆಗಳು ಒಂದಕ್ಕೊಂದು ಸೇರಿರಬೇಕು. ಬೆಸ ಸಂಖ್ಯೆಯ ಗೆರೆ ಕೂಡುವ ಬಿಂದುಗಳು ಸೊನ್ನೆ ಅಥವಾ ಎರಡು ಮಾತ್ರ ಇರಬೇಕು. ನಾಲ್ಕು ಚೌಕದ ಕಿಟಕಿ ಬರೆದು ನೋಡಿ: ನಾಲ್ಕು ಬದಿಗಳ ನಡುವಿನಲ್ಲಿ ಮೂರು ಮೂರು ಗೆರೆ ಕೂಡುತ್ತವೆ. ನಾಲ್ಕು ಬೆಸ ಬಿಂದು, ಹಾಗಾಗಿ ಒಂದೇ ಎಳೆಯಲ್ಲಿ ಆಗುವುದಿಲ್ಲ. ಎರಡು ತುಂಡನ್ನು ಎರಡು ಸಲ ಹೊಲಿಯಲೇಬೇಕು. ಚುಕ್ಕಿ ರಂಗೋಲಿ ಎಳೆಯುವ ಅಮ್ಮಂದಿರು ಇದನ್ನು ಥಿಯರಂ ಇಲ್ಲದೆ ಬಲ್ಲರು. ಅಜ್ಜಿಯ ಸುತ್ತಿನ ಜಾಣತನವೂ ನಮಗೆ ಆಗ ಕಂಡಿತು. ಅಂಚಿನಿಂದ ನಡುವಿನವರೆಗೆ ಒಂದೇ ದಾರಿ, ಎಲ್ಲೂ ಗೆರೆ ಗೆರೆಯನ್ನು ದಾಟುವುದಿಲ್ಲ.

ಕೌದಿಗೆ ಕೈ ಹಾಕಿದಾಗ

ಆರು ವಾರದ ಮೇಲೆ ನಮ್ಮ ಹೊಲಿಗೆ ಚೆನ್ನಾಗಿ ಬೀಳುತ್ತಿತ್ತು. ಆಗ ಬಳಗದಲ್ಲೇ ಜಗಳ ಶುರು. ಕೈಯಲ್ಲಿ ಹೊಲಿದದ್ದಕ್ಕೆ ಮಷಿನ್ ಮುಟ್ಟಿಸುವುದು ಸರಿಯಾ? ಅಮೆರಿಕದಲ್ಲೂ ಈ ಜಗಳ ವರ್ಷಗಟ್ಟಲೆ ನಡೆದಿತ್ತು. 1989ರಲ್ಲಿ ಕೆಂಟಕಿಯ ಪಡೂಕಾದಲ್ಲಿ ಕ್ಯಾರಲ್ ಬ್ರೈಯರ್ ಫ್ಯಾಲರ್ಟ್ ಅವರ ಮಷಿನ್ ಹೊಲಿಗೆಯ ಕ್ವಿಲ್ಟಿಗೆ ಮೊದಲ ಸಲ ದೊಡ್ಡ ಬಹುಮಾನ ಬಂದಾಗ ಹಲವರು ಹುಬ್ಬೇರಿಸಿದರು. ನಮ್ಮ ಜಗಳಕ್ಕೆ ಬಹುಮಾನದ ಪ್ರಶ್ನೆ ಇರಲಿಲ್ಲ. ಗೆಳತಿ ಹೇಳಿದ್ದು ಇಷ್ಟು: "ಅಜ್ಜಿನ ಮಷಿನ್ನಾಗ ಹೊಲಿ ಅಂದಾಳ. ನೀವ್ಯಾರು ಬ್ಯಾಡ ಅನ್ನಾಕ?"

ಆದರೆ ಇನ್ನೊಂದು ಲೆಕ್ಕ ನಮ್ಮನ್ನು ನಿಲ್ಲಿಸಿತು. ಸಾಲುಗಳ ನಡುವೆ ಒಂದು ಇಂಚು ಅಂದರೆ ಇಡೀ ಕೌದಿಯಲ್ಲಿ 128 ಮೀಟರ್ ಹೊಲಿಗೆ. ನಮ್ಮ ಪಾಲು 64. ಅಜ್ಜಿಯ ಸೂಜಿ ಸುಮಾರು 6 ಮಿ.ಮೀ.ಗೊಂದು ಸಲ ಬಟ್ಟೆ ದಾಟುತ್ತದೆ, ಈ 64 ಮೀಟರಿಗೆ ಹತ್ತು ಸಾವಿರ ಚಿಲ್ಲರೆ ತೂತು. ನಮ್ಮ 2.5 ಮಿ.ಮೀ. ಹೊಲಿಗೆಗೆ 25,600. ಬಟ್ಟೆ ಯಾವುದು? ಅಜ್ಜಿ ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ, ತೀರಿಕೊಂಡ ಅಜ್ಜನ ಧೋತರ. ನಲವತ್ತು ಐವತ್ತು ವರ್ಷ ಒಗೆದು ಒಗೆದು ಬಾಳೆ ಎಲೆಯ ಹಾಗಾದ ಹತ್ತಿ. ಒತ್ತೊತ್ತಾಗಿ ತೂತು ಹಾಕಿದರೆ ಅದು ಕ್ಯಾಲೆಂಡರ್ ಹಾಳೆಯ ಹಾಗೆ ಗೆರೆಗುಂಟ ಹರಿಯುತ್ತದೆ. ಹರಿದರೆ ತರಲು ಇನ್ನೊಂದಿಲ್ಲ.

ಹೊಲಿಗೆಯನ್ನು 4 ಮಿ.ಮೀ.ಗೆ ಏರಿಸಿದೆವು, ತೂತು 16,000ಕ್ಕೆ ಇಳಿಯಿತು. ಶಾಫ್ಟಿನ 60ರ ಪುಲ್ಲಿ ತೆಗೆದು 50 ಹಾಕಿದೆವು, ನಿಮಿಷಕ್ಕೆ 514. ಕೈ ಸೆಕೆಂಡಿಗೆ 34 ಮಿ.ಮೀ. ಓಡಿದರಾಯಿತು. ಸೂಜಿ 16ರ ಬದಲು 14, ಅಂದರೆ 1 ಮಿ.ಮೀ. ಬದಲು 0.9. ಪಾಲಿಸ್ಟರ್ ದಾರ ಬಿಟ್ಟು ಹತ್ತಿ ದಾರ. ಜಗ್ಗಾಟವಾದರೆ ಸೀರೆಗಿಂತ ಮೊದಲು ದಾರ ಹರಿಯಲಿ ಅಂತ.

ಕೌದಿಯ ಎರಡು ಬದಿ ಸುರುಳಿ ಸುತ್ತಿ, ಪಿನ್ನು ಚುಚ್ಚಿ, ಒಬ್ಬರು ಹೊಲಿಯಲು, ಇಬ್ಬರು ಆಚೀಚೆ ಭಾರ ಹೊರಲು. ಕೌದಿ ಟೇಬಲ್ಲಿನಿಂದ ಜೋತುಬಿದ್ದರೆ ಆ ತೂಕವೇ ಹೊಲಿಗೆಯನ್ನು ಎಳೆದು ಕೆಡಿಸುತ್ತದೆ. ಐದು ಸಂಜೆ ಹಿಡಿಯಿತು. ಮೂರನೇ ಸಂಜೆ ಹೊರುವವನ ಫೋನ್ ಬಡಿದು ಕೈ ಬಿಟ್ಟ. ಸೂಜಿ ಒಳಗಿದ್ದಂತೆಯೇ ಬಟ್ಟೆ ಜಗ್ಗಿ ಇಳಕಲ್ಲಿನ ಮೇಲೆ ಎರಡು ಇಂಚು ಹರಿಯಿತು. ಅವತ್ತು ಯಾರೂ ಊಟಕ್ಕೆ ಹೋಗಲಿಲ್ಲ. ಗೆಳತಿ ಮರುದಿನ ತನ್ನ ಹಳೆ ದುಪಟ್ಟಾದ ತುಂಡು ಇಟ್ಟು, ಅದನ್ನು ಮಾತ್ರ ಕೈಯಲ್ಲೇ ಹೊಲಿದಳು.

ದಸರಾ ರಜೆಯಲ್ಲಿ ನಾವು ನಾಲ್ವರು ಅವಳ ಜೊತೆ ಊರಿಗೆ ಹೋದೆವು. ಅಜ್ಜಿ ಕೌದಿಯನ್ನು ನೋಡುವ ಮೊದಲು ಅಂಗೈಯಿಂದ ಸವರಿದರು. "ಇಲ್ಲಿತನಕ ನಂದು. ಇಲ್ಲಿಂದ ನಿಮ್ದು. ಸ್ವಲ್ಪ ಬಿರುಸಾಗೇತಿ ನೋಡ್ರಿ" ಅಂದರು. ನಿಜ. ಕೈ ಹೊಲಿಗೆಯಲ್ಲಿ ಒಂದೇ ದಾರ ಪದರಗಳ ನಡುವೆ ಆಡುತ್ತಿರುತ್ತದೆ; ಲಾಕ್‌ಸ್ಟಿಚ್ಚಿನಲ್ಲಿ ಎರಡು ದಾರ ಪ್ರತಿ ತೂತಿನಲ್ಲೂ ಒಂದನ್ನೊಂದು ಬಿಗಿದು ಹಿಡಿಯುತ್ತವೆ. ಒಗೆದ ಮೇಲೆ ಮೆತ್ತಗಾಗಬಹುದು ಅಂದೆವು. ಅಜ್ಜಿ ದುಪಟ್ಟಾದ ತೇಪೆಯ ಮೇಲೆ ಬೆರಳಿಟ್ಟು ಮೊಮ್ಮಗಳ ಮುಖ ನೋಡಿದರು, ಏನೂ ಕೇಳಲಿಲ್ಲ. ಆಮೇಲೆ ಕೇಳಿದ್ದು ಬೇರೆ: "ಹೊಟ್ಟಿ ತುಂಬಸೀರೇನು?"

ನಮಗೆ ಊಟವಾಯಿತಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು ಹೂಂ ಅಂದೆವು. ಅವರು ಕೇಳಿದ್ದು ಕೌದಿಯ ಹೊಟ್ಟೆ. ಅವರ ಮನೆಯಲ್ಲಿ ಕೌದಿ ಮುಚ್ಚುವ ಮೊದಲು ನಡುವೆ ನಾಲ್ಕು ಕಾಳು ಹಾಕುವ ಪದ್ಧತಿ. ಹಸಿದ ಕೌದಿ ಹೊದ್ದರೆ ನಿದ್ದೆ ಬರುವುದಿಲ್ಲವಂತೆ. ನಾವು ಕೊನೆಯ ಸುತ್ತನ್ನು ಗಂಟು ಹಾಕಿ ಭದ್ರವಾಗಿ ಮುಚ್ಚಿಬಿಟ್ಟಿದ್ದೆವು.

ಲಾಕ್‌ಸ್ಟಿಚ್ ಬಿಚ್ಚುವಾಗ ಎಳೆಯಬೇಡಿ. ಕೆಳಗಿನ ದಾರವನ್ನು ನಾಲ್ಕು ಹೊಲಿಗೆಗೊಂದು ಸಲ ಬ್ಲೇಡಿನ ತುದಿಯಿಂದ ಕತ್ತರಿಸುತ್ತಾ ಹೋಗಿ. ಮೇಲಿನ ದಾರ ತಾನೇ ಎದ್ದು ಬರುತ್ತದೆ, ಬಟ್ಟೆಗೆ ನೋವಾಗುವುದಿಲ್ಲ. ನಡುವಿನ ತೇಪೆಯ ನಾಲ್ಕು ಇಂಚು ಹೀಗೆ ಬಿಚ್ಚಿದೆವು. ಅಜ್ಜಿ ಒಂದು ಚಿಟಿಕೆ ಜೋಳ ಹಾಕಿದರು. ಮುಚ್ಚುವ ಹೊಲಿಗೆ ಯಾರು ಹಾಕಬೇಕು ಅಂತ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ಅಜ್ಜಿ ಸೂಜಿಗೆ ದಾರ ಪೋಣಿಸಿ ಕೊಡು ಅಂತ ಮೊಮ್ಮಗಳ ಕೈಗೆ ಕೊಟ್ಟು, ವಾಪಸ್ ತಾವೇ ತಗೊಂಡರು. ನಾಲ್ಕು ಇಂಚಿಗೆ ಮುಕ್ಕಾಲು ಗಂಟೆ ಆಯಿತು.

ಮಷಿನ್ ಈಗಲೂ ವರ್ಕ್‌ಶಾಪಿನ ಹಿಂದೆಯೇ ಇದೆ. ಶನಿವಾರ ಮಧ್ಯಾಹ್ನ ಬನ್ನಿ, ಹಳೆ ಬೆಡ್‌ಶೀಟ್ ತನ್ನಿ. ಹುಕ್ಕಿಗೆ ಎಣ್ಣೆ ಬಿಡದೆ ಪೆಡಲ್ ಮುಟ್ಟಬೇಡಿ.